ಅಪ್ಪನ ಸಿಬಿಲ್, ಮಗಳ ಕಾಲೇಜು
ಶಿಕ್ಷಣ ಸಾಲದ ಅರ್ಜಿಗೆ ಸಹಿ ಹಾಕುವ ಕನ್ನಡದ ಬ್ಯಾಂಕ್ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ನೀವು ದಿಲ್ಲಿಯಲ್ಲಿರಬಹುದು, ಬೀದರಿನಲ್ಲಿರಬಹುದು, ಕುಂದಾಪುರದಲ್ಲಿರಬಹುದು. ಸೇರಿದಾಗ ಇದ್ದ ಬ್ಯಾಂಕಿನ ಹೆಸರು ಈಗ ಇಲ್ಲದೆಯೂ ಇರಬಹುದು. ವಿಜಯಾ ಬ್ಯಾಂಕಿನವರು 2019ರಲ್ಲಿ ಬರೋಡಾದವರಾದರು, ಮರುವರ್ಷ ಸಿಂಡಿಕೇಟಿನವರು ಕೆನರಾದವರಾದರು, ಕಾರ್ಪೊರೇಷನ್ ಬ್ಯಾಂಕಿನವರು ಯೂನಿಯನ್ ಬ್ಯಾಂಕಿನವರಾದರು. ಬೋರ್ಡು ಬದಲಾದರೂ ಕುರ್ಚಿ ಅದೇ, ಎದುರಿಗೆ ಬಂದು ಕೂರುವ ತಂದೆ ಮಕ್ಕಳೂ ಅವರೇ. ನಾನೂ ಮೂವತ್ತನಾಲ್ಕು ವರ್ಷ ಆ ಕುರ್ಚಿಯ ಆಚೆ ಈಚೆ ಕಳೆದವನು. ಈಗ ನಿವೃತ್ತನಾಗಿ ಓಖ್ಲಾದ ಸುಖದೇವ್ ವಿಹಾರದಲ್ಲಿ ಮಗಳ ಮನೆಯಲ್ಲಿದ್ದೇನೆ. ಹೆಸರು ಹೇಳಿಕೊಳ್ಳುವಂಥ ಹುದ್ದೆಗೇನೂ ಏರಿದವನಲ್ಲ. ನಿಮ್ಮವನೆಂಬ ಸಲಿಗೆಯಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ಮುಂದೆ ಹೋದರೆ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ. 1920ರಲ್ಲಿ ಅಲಿಗಢದಲ್ಲಿ ಹುಟ್ಟಿದ ಈ ವಿದ್ಯಾಪೀಠದ ಓಖ್ಲಾದ ಕಟ್ಟಡಕ್ಕೆ 1935ರಲ್ಲಿ ಅಡಿಗಲ್ಲು ಬಿತ್ತು. ಅತ್ತ ಓಖ್ಲಾ ಫೇಸ್ ಮೂರರಲ್ಲಿ ಐಐಐಟಿ ದಿಲ್ಲಿ ಇದೆ. ಸುತ್ತಮುತ್ತ ಗಾರ್ಮೆಂಟ್ ಕಾರ್ಖಾನೆ, ಪ್ರಿಂಟಿಂಗ್ ಪ್ರೆಸ್ಸು, ಗೋದಾಮು. ಈ ಗದ್ದಲದ ನಡುವೆ ಕಲಬುರಗಿ, ಬೀದರ, ಭಟ್ಕಳದ ಕಡೆಯ ಮಕ್ಕಳು ಬಾಟ್ಲಾ ಹೌಸ್, ಜಾಕಿರ್ ನಗರದ ಗಲ್ಲಿಗಳಲ್ಲಿ ಮೂರು ನಾಲ್ಕು ಜನ ಸೇರಿ ಒಂದು ಕೋಣೆ ಹಿಡಿದು ಓದುತ್ತಾರೆ. ದೆಹಲಿ ಕರ್ನಾಟಕ ಸಂಘದ ಒಂದು ಕಾರ್ಯಕ್ರಮದಲ್ಲಿ ನಾನು ಬ್ಯಾಂಕಿನಲ್ಲಿದ್ದವನೆಂದು ಯಾರೋ ಹೇಳಿದರು. ಅಂದಿನಿಂದ ಪ್ರವೇಶದ ದಿನ ಬಂತೆಂದರೆ ನಮ್ಮ ಮನೆಯ ಊಟದ ಮೇಜು ಸಣ್ಣ ಲೋನ್ ಸೆಕ್ಷನ್ನಿನ ಹಾಗಾಗುತ್ತದೆ. ಆ ಮೇಜಿನ ಮೇಲೆ ಕಂಡ ಒಂದು ಕಾಗದದ ಬಗ್ಗೆ ನಿಮಗೆ ಹೇಳಬೇಕು.

ಹುಡುಗಿ ಬೀದರ ಜಿಲ್ಲೆಯವಳು. ಜಾಮಿಯಾದಲ್ಲಿ ಸೆಲ್ಫ್ ಫೈನಾನ್ಸ್ ಕೋರ್ಸಿಗೆ ಸೀಟು ಸಿಕ್ಕಿತ್ತು. ಫೀಸು, ಕೋಣೆ ಬಾಡಿಗೆ, ಊಟ, ಲ್ಯಾಪ್‌ಟಾಪು ಎಲ್ಲ ಸೇರಿ ಎರಡು ವರ್ಷಕ್ಕೆ ನಾಲ್ಕು ಲಕ್ಷದ ಒಳಗೆ ಬೇಕಿತ್ತು. ತಂದೆ ಆಟೊ ಓಡಿಸುತ್ತಾರೆ, ಹೆಚ್ಚಾಗಿ ಶಾಲೆ ಮಕ್ಕಳನ್ನು ಬಿಟ್ಟು ಕರೆತರುವ ಆಟೊ. ಶಾಖೆಯಲ್ಲಿ ತಂದೆಯ ಆಧಾರ್, ಪ್ಯಾನ್ ಕೇಳಿದರು, ಕಂಪ್ಯೂಟರಿನಲ್ಲಿ ಹೊಡೆದು ನೋಡಿದರು. 638 ಅಂತ ಬಂತು. "ಸಿಬಿಲ್ ಕಡಿಮೆ ಇದೆ, ಆಗಲ್ಲ" ಎಂದರು. ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ತಂದೆ ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟು: "ಸಾಹೇಬ್ರ, ಆ ಗಾಡಿ ಸಾಲ ನಾ ಮುಗಿಸೀನ್ರಿ. ಎನ್ಒಸಿ ಸೈತ ಅದ. ಮತ್ಯಾಕ ಹಿಂಗಂತಾರ್ರಿ?"

ತಂದೆಯ ಸಿಬಿಲ್ ವರದಿಯನ್ನು ಪೂರ್ತಿ ತರಿಸಿ ಮೇಜಿನ ಮೇಲೆ ಹರಡಿದೆ. ಮೊದಲ ಪುಟದಲ್ಲಿ ದಪ್ಪಕ್ಷರದ 638. ಶಾಖೆಯಲ್ಲಿ ನೋಡಿದ್ದು ಅದೊಂದೇ. ಸಾಲದ ಕಥೆ ಇರುವುದು ಮೂರನೇ ಪುಟದಲ್ಲಿ. ತಿಂಗಳಿಗೊಂದು ಚೌಕ, ಚೌಕದೊಳಗೆ ಕಂತು ಎಷ್ಟು ದಿನ ತಡವಾಯಿತೆಂಬ ಅಂಕಿ, ನೀವು ಡಿಪಿಡಿ ಅನ್ನುವುದು. ಒಟ್ಟು 36 ತಿಂಗಳ ಸಾಲು. 2018ರ ಡಿಸೆಂಬರಿನಿಂದ 2020ರ ಫೆಬ್ರವರಿಯವರೆಗೆ ಹದಿನೈದು ಚೌಕಗಳಲ್ಲೂ ಮೂರು ಸೊನ್ನೆ. ಒಂದು ದಿನವೂ ತಡವಿಲ್ಲ. ಮಾರ್ಚಿನಿಂದ ಆಗಸ್ಟಿನವರೆಗೆ ರಿಸರ್ವ್ ಬ್ಯಾಂಕ್ ಕೊಟ್ಟ ಆರು ತಿಂಗಳ ಮೊರಟೋರಿಯಂ. ಅದು ಮುಗಿದ ಮೇಲೆ 30, 61, 91, ಆಮೇಲೆ ಏರುತ್ತಲೇ ಹೋಗಿದೆ. ಮೊರಟೋರಿಯಂ ಮುಗಿಯಿತು ನಿಜ, ಶಾಲೆ ಎಲ್ಲಿ ಶುರುವಾಯಿತು? ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ರಂದು. ಈ ಮನುಷ್ಯನ ಖಾತೆ ಮುಗಿದದ್ದು ಅದರ ಮುಂದಿನ ತಿಂಗಳು, ನವೆಂಬರಿನಲ್ಲಿ. ಮಕ್ಕಳು ಆಟೊ ಹತ್ತಿದ ಕೂಡಲೇ ಕೈಗಡ ತಂದು ಒಂದೇ ಗಂಟಿನಲ್ಲಿ ಹದಿನೆಂಟು ಸಾವಿರ ಕಟ್ಟಿದ್ದಾರೆ.

ಕಟ್ಟಿಸಿಕೊಂಡ ಏಜೆಂಟ್ "ಇಷ್ಟು ತುಂಬಿದರೆ ಮುಗೀತು" ಎಂದಿದ್ದ. ಮುಗಿದದ್ದು ಹೇಗೆ ಎಂದು ವರದಿಯಲ್ಲಿದೆ: 'ಸೆಟಲ್ಡ್'. ಪೂರ್ತಿ ಕಟ್ಟಿದ್ದರೆ 'ಕ್ಲೋಸ್ಡ್' ಎಂದಿರುತ್ತಿತ್ತು. ರಾಜಿ ಮಾಡಿಕೊಂಡು ಕಡಿಮೆ ಕಟ್ಟಿದರೆ 'ಸೆಟಲ್ಡ್'. ಈ ಎರಡು ಪದಗಳ ನಡುವಿನ ಅಂತರ ನಿಮಗೆ ಗೊತ್ತು, ನನಗೆ ಗೊತ್ತು. ಆಟೊ ಓಡಿಸುವವನಿಗೆ ಯಾರೂ ಹೇಳಲಿಲ್ಲ. ಅವನ ಪಾಲಿಗೆ ಸಾಲ ಚುಕ್ತಾ ಆಗಿತ್ತು.

ಇಲ್ಲಿ ನಿಮಗೆ ಒಂದು ಮಾತು ನೆನಪಿಸಬೇಕು. ರಾಜಿ ಇತ್ಯರ್ಥದ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ಸುತ್ತೋಲೆ ಹೊರಡಿಸಿತು. ರಾಜಿ ಮಾಡಿಕೊಂಡ ಸಾಲಗಾರನಿಗೆ, ಕೃಷಿ ಸಾಲ ಬಿಟ್ಟರೆ, ಮತ್ತೆ ಸಾಲ ಕೊಡುವ ಮೊದಲು ಕನಿಷ್ಠ 12 ತಿಂಗಳು ಕಾಯಬೇಕು ಎನ್ನುತ್ತದೆ ಅದು. ಬ್ಯಾಂಕುಗಳು ಬೇಕಿದ್ದರೆ ಆ ಗಡುವನ್ನು ಹೆಚ್ಚಿಸಿಕೊಳ್ಳಬಹುದು. ಉದ್ದೇಶಪೂರ್ವಕ ಸುಸ್ತಿದಾರರ ಜೊತೆಗೂ ರಾಜಿ ಮಾಡಿಕೊಳ್ಳಬಹುದೆಂದು ಅದೇ ಸುತ್ತೋಲೆ ಹೇಳಿತು, ಆಗ ದೇಶದಲ್ಲೆಲ್ಲ ಅದರದೇ ಚರ್ಚೆ. ಓಖ್ಲಾದ ಶಾಖೆಗಳಲ್ಲಿ ಕಾರ್ಖಾನೆಗಳ ಖಾತೆ ನೋಡಿದವರಿಗೆ ಗೊತ್ತು: ಎರಡು ಕಂತು ತಪ್ಪಿದ ರಫ್ತುದಾರನನ್ನು ಕರೆಸಿ, ಟೀ ಕೊಟ್ಟು, ಬಾಕಿಗೆ ಹೊಸ ಕಂತು ಕಟ್ಟಿ ಕಳಿಸುತ್ತೇವೆ. ತಪ್ಪು ಎನ್ನುವುದಿಲ್ಲ, ಕೆಲಸಗಾರರ ಹೊಟ್ಟೆಪಾಡೂ ಅದರಲ್ಲಿದೆ. ಆದರೆ 2021ರಲ್ಲಿ ಹದಿನೆಂಟು ಸಾವಿರ ಕಟ್ಟಿ ಸಾಲ ಮುಗಿಸಿದವನು ಇಷ್ಟು ವರ್ಷದ ಮೇಲೆ ಮಗಳ ಅರ್ಜಿ ಹಿಡಿದು ಬಂದರೆ, ಅವನಿಗೆ ಕುರ್ಚಿ ತೋರಿಸುವಷ್ಟು ಪುರುಸೊತ್ತೂ ನಮಗಿಲ್ಲ.

ಅಂಕಿಯ ಅಳತೆಗೋಲು ನಿಮಗೆ ಹೇಳಿಕೊಡಬೇಕಾದ್ದಲ್ಲ. ಆದರೂ ಈ ಪತ್ರ ಓದುವ ತಂದೆ ತಾಯಂದಿರಿಗಾಗಿ ಹೇಳುತ್ತೇನೆ. ಯಾರು ಸಾಲ ಹೇಗೆ ಕಟ್ಟಿದರೆಂದು ಲೆಕ್ಕ ಇಡುವ ಸಿಬಿಲ್ ಎಂಬ ಕ್ರೆಡಿಟ್ ಬ್ಯೂರೋ ಶುರುವಾದದ್ದು 2000ದಲ್ಲಿ. ಅದರ ಸ್ಕೋರು 300ರಿಂದ 900. ಟ್ರಾನ್ಸ್‌ಯೂನಿಯನ್ ಸಿಬಿಲ್ ತನ್ನ ವರದಿಗಳಲ್ಲಿ ಸಾಲಗಾರರನ್ನು ಐದು ಮೆಟ್ಟಿಲಲ್ಲಿ ನಿಲ್ಲಿಸುತ್ತದೆ: 680ರವರೆಗೆ ಸಬ್‌ಪ್ರೈಮ್, 730ರವರೆಗೆ ನಿಯರ್ ಪ್ರೈಮ್, 770ರವರೆಗೆ ಪ್ರೈಮ್, 790ರವರೆಗೆ ಪ್ರೈಮ್ ಪ್ಲಸ್, ಅದರ ಮೇಲೆ ಸೂಪರ್ ಪ್ರೈಮ್. ಸಾಲವನ್ನೇ ಮಾಡದವರಿಗೆ ಮೆಟ್ಟಿಲೇ ಇಲ್ಲ, ಅವರ ಹೆಸರಿನ ಮುಂದೆ ಮೈನಸ್ ಒಂದು. ಎಷ್ಟೋ ಶಾಖೆಗಳಲ್ಲಿ ಈ ಮೈನಸ್ ಒಂದನ್ನು ತೀರಾ ಕೆಟ್ಟ ಅಂಕವೆಂದು ಓದಿದ್ದನ್ನು ಕಂಡಿದ್ದೇನೆ. ಯಾರ ಹತ್ತಿರವೂ ಸಾಲ ಮಾಡದೆ ಬದುಕಿದ ಒಬ್ಬ ತಾಯಿಗೆ "ನಿಮ್ಮದು ಮೈನಸ್‌ನಲ್ಲಿದೆ ಅಮ್ಮಾ" ಎಂದು ಹೇಳಿ ಕಳಿಸಿದ್ದರು.

ಸಾಲ ಹೇಗೆ ಹರಿಯುತ್ತಿದೆ ನೋಡಿ. ಬ್ಯಾಂಕುಗಳ ಶಿಕ್ಷಣ ಸಾಲದ ಬಾಕಿ ಮೊತ್ತ ಇಂದು 1 ಲಕ್ಷ ಕೋಟಿ ರೂಪಾಯಿ ದಾಟಿದೆ. ಬೆಳೆದದ್ದರಲ್ಲಿ ದೊಡ್ಡ ಪಾಲು ದೊಡ್ಡ ಸಾಲಗಳದು: ವಿದೇಶದ ಓದು, ಇಪ್ಪತ್ತು ಮೂವತ್ತು ಲಕ್ಷ, ಬೆಂಗಳೂರಿನ ಸೈಟಿನ ಅಡಮಾನ, ಒಳ್ಳೆಯ ಸಂಬಳದ ತಂದೆ, ಮೇಲಿನ ಮೆಟ್ಟಿಲಿನ ಸ್ಕೋರು. 2015ರ ನಂತರದ ಕೆಲವು ವರ್ಷ ಹೊಸ ಸಾಲಗಳ ಸಂಖ್ಯೆ ಇಳಿದು, ಒಂದೊಂದು ಸಾಲದ ಗಾತ್ರ ಏರಿದ್ದನ್ನು ನಾವೆಲ್ಲ ನಮ್ಮ ಶಾಖೆಯ ಪಟ್ಟಿಯಲ್ಲೇ ಕಂಡೆವು. ಖಾಸಗಿ ಹಣಕಾಸು ಸಂಸ್ಥೆಗಳಂತೂ ಸ್ಕೋರು ನೋಡಿಯೇ ಬಡ್ಡಿ ಹಾಕುತ್ತವೆ, ಕೆಳಗಿನ ಮೆಟ್ಟಿಲಿನವನು ಹೆಚ್ಚು ಬಡ್ಡಿ ಕಟ್ಟಿಯೇ ಓದಬೇಕು. ಬ್ಯಾಂಕುಗಳ ಸಂಘವಾದ ಐಬಿಎಯ 2001ರ ಮಾದರಿ ಶಿಕ್ಷಣ ಸಾಲ ಯೋಜನೆ ಬರೆದವರ ಮನಸ್ಸಿನಲ್ಲಿದ್ದ ಚಿತ್ರ ಬೇರೆ. ನಾಲ್ಕು ಲಕ್ಷದವರೆಗೆ ಅಡಮಾನ ಬೇಡ, ಮೂರನೆಯವರ ಜಾಮೀನು ಬೇಡ, ಕೈಯಿಂದ ಹಾಕುವ ಪಾಲೂ ಬೇಡ, ತಂದೆಯೋ ತಾಯಿಯೋ ಜೊತೆಗೆ ಸಹಿ ಹಾಕಿದರೆ ಸಾಕು ಎಂದಿತ್ತು ಆ ಯೋಜನೆ. ಏನೂ ಇಲ್ಲದವನಿಗೆಂದೇ ಮಾಡಿದ ಬಾಗಿಲು ಅದು. ಆ ಬಾಗಿಲಿಗೇ ಈಗ ಸ್ಕೋರಿನ ಅಗುಳಿ ಬಿದ್ದಿದೆ.

ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಇನ್ನೊಂದು ಸಂಗತಿ ಇದೆ. ತಂದೆಯದು ಕೆಟ್ಟಿದೆ, ತಾಯಿಯನ್ನು ಸೇರಿಸೋಣ ಎಂದರೆ ತಾಯಿಯ ಹೆಸರಿನಲ್ಲಿ ಸಂಘದ ಸಾಲ. ಮೈಕ್ರೊಫೈನಾನ್ಸಿನ ಕಂತುಗಳೂ ಈಗ ಬ್ಯೂರೋಗಳ ಲೆಕ್ಕಕ್ಕೆ ಹೋಗುತ್ತವೆ. ಆ ಸಾಲದ ವಸೂಲಿ ಎಂಥದ್ದಿತ್ತೆಂದರೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಕುಳ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸುಗ್ರೀವಾಜ್ಞೆ ಏಜೆಂಟನನ್ನು ಹೊಸ್ತಿಲಾಚೆ ನಿಲ್ಲಿಸಿತು. ವರದಿಯ ಚೌಕದಲ್ಲಿ ಬಿದ್ದ ಅಂಕಿ ಹಾಗೇ ಉಳಿಯಿತು.

ಸಾಲ ಕೇಳಲು ಹೋಗಿ ಬರಿಗೈಲಿ ಮರಳುವುದು ಓಖ್ಲಾದವರಿಗೆ ಹೊಸದಲ್ಲ. ಸ್ಕೋರು ಎಂಬುದು ಬರುವ ಮೊದಲು ಪಿನ್‌ಕೋಡೇ ಸ್ಕೋರಾಗಿತ್ತು. ಜಾಮಿಯಾ ನಗರದ ವಿಳಾಸ ಕೊಟ್ಟರೆ ಸಾಲವಿಲ್ಲ, ಕ್ರೆಡಿಟ್ ಕಾರ್ಡಿಲ್ಲ ಎಂಬುದು ಇಲ್ಲಿನವರ ಹಳೆಯ ದೂರು. ಕೆಲವು ಬ್ಯಾಂಕುಗಳು ಕೆಲವು ಪ್ರದೇಶಗಳನ್ನು ನೆಗೆಟಿವ್ ವಲಯವೆಂದು ಗುರುತಿಸಿ ಅಲ್ಲಿ ಸಾಲ ಕೊಡಲು ಹಿಂಜರಿಯುತ್ತವೆ ಎಂದು 2006ರ ಸಾಚಾರ್ ಸಮಿತಿ ವರದಿಯೂ ದಾಖಲಿಸಿದೆ. ಗಣಿತಕ್ಕೆ ಗಲ್ಲಿ ಗೊತ್ತಿಲ್ಲ, ಜಾತಿ ಧರ್ಮ ಗೊತ್ತಿಲ್ಲ, ಆದ್ದರಿಂದ ಸ್ಕೋರು ಹೆಚ್ಚು ನ್ಯಾಯದ್ದು ಎಂದು ನನ್ನ ಸಹೋದ್ಯೋಗಿಗಳು ವಾದಿಸುತ್ತಿದ್ದರು. ಅದರಲ್ಲಿ ಸತ್ಯವಿದೆ, ಮ್ಯಾನೇಜರನ ಮರ್ಜಿಗಿಂತ ಅಂಕಿ ಎಷ್ಟೋ ವಾಸಿ. ಸ್ಕೋರನ್ನೇ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ತಂದೆಯ ನಿನ್ನೆಯನ್ನು ಅಳೆಯುವ ಆ ಅಂಕಿ, ನಾಳೆ ಸಾಲ ತೀರಿಸಬೇಕಾದ ಮಗಳ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಉತ್ತರ ಕರ್ನಾಟಕದ ಒಂದು ಶಾಖೆಯಲ್ಲಿದ್ದಾಗ, ಸಿಬಿಲ್ ನಮ್ಮ ಮೇಜಿಗೆ ಹೊಸದಾಗಿ ಬಂದಿದ್ದ ಕಾಲ, ಒಬ್ಬ ಹುಡುಗನ ಇಂಜಿನಿಯರಿಂಗ್ ಸಾಲದ ಅರ್ಜಿಯನ್ನು ತಂದೆಯ ಸ್ಕೋರು ನೋಡಿ ವಾಪಸು ಮಾಡಿದೆ. ವಾರ ಕಳೆದು ಬೇರೆ ಯಾವುದೋ ಕೆಲಸಕ್ಕೆ ಅದೇ ವರದಿ ತಿರುವಿದಾಗ ಕಂಡಿತು: ಆ ರೈತ ಸ್ವಂತಕ್ಕೆ ಸಾಲವನ್ನೇ ಮಾಡಿರಲಿಲ್ಲ. ತಮ್ಮನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದ. ತಮ್ಮ ಕಂತು ಕಟ್ಟಿರಲಿಲ್ಲ, ಕಳಂಕ ಅಣ್ಣನ ವರದಿಗೂ ಅಂಟಿತ್ತು. ಹೇಳಿ ಕಳಿಸಿದೆ. ಅಷ್ಟರಲ್ಲಿ ಕೌನ್ಸೆಲಿಂಗ್ ಮುಗಿದು ಸೀಟು ಬೇರೆಯವರಿಗೆ ಹೋಗಿತ್ತು. ತಂದೆ ಬಂದು, "ಇರ್ಲಿ ಬಿಡ್ರಿ ಸಾಹೇಬ್ರ" ಎಂದು ಹೇಳಿ ಹೋದ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ನಮ್ಮ ಹಿರಿಯರಿಗೆ ಸ್ಕೋರೆಂಬುದು ಇರಲಿಲ್ಲ. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲವಾದ ಫಂಡನ್ನು ತೆರೆಯುವುದಕ್ಕೆ ಹದಿನೈದು ವರ್ಷ ಮೊದಲೇ, 1891ರಲ್ಲಿ, ಕೆನರಾ ಹೈಸ್ಕೂಲು ತೆರೆದಿದ್ದರು. ವಿದ್ಯೆ ಹಬ್ಬಿಸುವುದು ಆ ಫಂಡಿನ ಮೂಲ ಧ್ಯೇಯಗಳಲ್ಲೇ ಒಂದಾಗಿತ್ತು. ಸಿಂಡಿಕೇಟ್ ಬ್ಯಾಂಕಿನ ಡಾ. ಟಿ.ಎಂ.ಎ. ಪೈಗಳು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಎತ್ತಲು ಏಜೆಂಟ್ ಮನೆಮನೆಗೆ ಹೋಗುತ್ತಿದ್ದ. ಯಾರ ಮನೆಯಲ್ಲಿ ಬಾಣಂತನ, ಯಾರ ದೋಣಿ ಮುರಿದಿದೆ, ಯಾರಿಗೆ ಕುಡಿತದ ಚಟ ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ನಾನು ಉಡುಪಿ ಕಡೆಯವನು, ಪಿಗ್ಮಿಯ ಪುಸ್ತಕ ನೋಡುತ್ತಲೇ ಬೆಳೆದವನು. ಲಕ್ಷಾಂತರ ಅರ್ಜಿಯ ಈ ಕಾಲದಲ್ಲಿ ಆ ಏಜೆಂಟ್ ವಾಪಸು ಬರುವುದಿಲ್ಲ. ಅವನ ಕೆಲಸದ ಒಂದು ಪಾಲನ್ನು ಮಾತ್ರ ವರದಿಯ ಮೂರನೇ ಪುಟ ಈಗಲೂ ಮಾಡುತ್ತದೆ, ತೆರೆದು ನೋಡಿದರೆ.

ನಿಮ್ಮ ಭಯ ನನಗೆ ಗೊತ್ತಿಲ್ಲದ್ದಲ್ಲ. ಖಾತೆ ಕೆಟ್ಟರೆ ಮೊದಲು ಬರುವುದು ಸ್ಟಾಫ್ ಅಕೌಂಟಬಿಲಿಟಿಯ ನೋಟೀಸು. ಬಡ್ತಿ ನಿಲ್ಲುತ್ತದೆ, ನಿವೃತ್ತಿಯ ಅಂಚಿನಲ್ಲಿ ನಿದ್ದೆ ಕೆಡುತ್ತದೆ. 2022ರ ಜೂನ್ ಹೊತ್ತಿಗೆ ಶಿಕ್ಷಣ ಸಾಲದಲ್ಲಿ ಸುಮಾರು ಶೇ. 8ರಷ್ಟು ಎನ್‌ಪಿಎ ಆಗಿತ್ತು, ಸಣ್ಣ ಅಂಕಿಯಲ್ಲ. ಓದು ಮುಗಿದು ಒಂದು ವರ್ಷದ ಬಿಡುವೂ ಮುಗಿದು ಕಂತು ಶುರುವಾಗುವ ಹೊತ್ತಿಗೆ ಹುಡುಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾನೆ, ನಂಬರು ಬದಲಾಗಿರುತ್ತದೆ. ಹಾಗೆ ಮಾಯವಾದವರನ್ನು ಹುಡುಕಿಕೊಂಡು ನಾನೂ ತಿರುಗಿದ್ದೇನೆ. ಆದರೆ ನನ್ನ ಕೈಯಲ್ಲಿ ಕೆಟ್ಟ ಶಿಕ್ಷಣ ಸಾಲಗಳಲ್ಲಿ ಹೆಚ್ಚಿನವು ಕೆಟ್ಟದ್ದು ತಂದೆಯ ಸ್ಕೋರಿನಿಂದಲ್ಲ. ಕಾಲೇಜು ಬೋಗಸ್ಸಾಗಿತ್ತು, ಕೋರ್ಸಿಗೆ ಕೆಲಸ ಸಿಗಲಿಲ್ಲ, ಇಲ್ಲವೇ ಓದುವಾಗಿನ ಬಡ್ಡಿ ಗುಡ್ಡೆಯಾಗುತ್ತಿದೆ ಎಂದು ಯಾರೂ ಹೇಳಿರಲಿಲ್ಲ. ಕಾಲೇಜು ಯಾವುದು, ಅಲ್ಲಿಂದ ಹೊರಬಂದವರು ಏನು ಮಾಡುತ್ತಿದ್ದಾರೆ ಎಂದು ವಿಚಾರಿಸಲು ನಾವು ಅರ್ಧ ಗಂಟೆ ಕೊಟ್ಟಿದ್ದರೆ ಎಷ್ಟೋ ಖಾತೆ ಉಳಿಯುತ್ತಿತ್ತು.

ಭಯಕ್ಕೆ ಮದ್ದನ್ನು ಸರ್ಕಾರವೂ ಇಟ್ಟಿದೆ. 2015ರಿಂದ ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಶೇ. 75ರಷ್ಟು ಖಾತರಿ ಇದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ, ಆಯ್ದ 860 ಸಂಸ್ಥೆಗಳಿಂದ ಶುರುವಾಗಿ, ಅಲ್ಲಿ ಸೀಟು ಪಡೆದವರಿಗೆ ಅಡಮಾನವಿಲ್ಲದೆ, ಜಾಮೀನುದಾರನಿಲ್ಲದೆ ಸಾಲ ಕೊಡಿ ಎನ್ನುತ್ತದೆ. ಕೇಂದ್ರ ಸರ್ಕಾರದ ವಿದ್ಯಾಸಂಸ್ಥೆಗಳು ಅದರಡಿ ಬರುವುದರಿಂದ ಜಾಮಿಯಾದ ಮಕ್ಕಳಿಗೂ ಅದು ಸಲ್ಲುತ್ತದೆ. ಮನೆಯ ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವವರೆಗಿನ ಅವಧಿಯಲ್ಲಿ, ಶೇ. 3ರಷ್ಟು ಬಡ್ಡಿ ಸಹಾಯವೂ ಉಂಟು, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ನಮ್ಮ ರಾಜ್ಯದ ದೇವರಾಜ ಅರಸು ನಿಗಮದ 'ಅರಿವು' ಸಾಲ ಶೇ. 2ರ ಬಡ್ಡಿಯದು, ಒಳ್ಳೆಯದು. ಆದರೆ ಅದು ಸಿಇಟಿಯಲ್ಲಿ ಸೀಟು ಪಡೆದವರಿಗೆ, ಓಖ್ಲಾದವರೆಗೆ ಬರುವುದಿಲ್ಲ. ಇಲ್ಲಿಗೆ ಬಂದ ಮಕ್ಕಳಿಗೆ ನಿಮ್ಮ ಸಹಿಯೇ ಗತಿ.

ನ್ಯಾಯಾಲಯಗಳೂ ಮಾತಾಡಿವೆ. ತಂದೆತಾಯಿಯ ಕ್ರೆಡಿಟ್ ಸ್ಕೋರು ತೃಪ್ತಿಕರವಲ್ಲವೆಂದು ಶಿಕ್ಷಣ ಸಾಲ ನಿರಾಕರಿಸುವಂತಿಲ್ಲ, ಓದಿನ ನಂತರ ವಿದ್ಯಾರ್ಥಿಗೆ ತೀರಿಸುವ ಶಕ್ತಿ ಬರುತ್ತದೆಯೇ ಎಂಬುದನ್ನು ನೋಡಬೇಕು ಎಂದು ಕೇರಳ ಹೈಕೋರ್ಟ್ 2020ರಲ್ಲೇ ಹೇಳಿತು. 2023ರ ಮೇ ತಿಂಗಳಿನಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿ ಪಿ.ವಿ. ಕುಂಞಿಕೃಷ್ಣನ್ ಅವರ ಮುಂದೆ ಬಂದ ಪ್ರಕರಣದಲ್ಲಿ ವಿದ್ಯಾರ್ಥಿಯ ಹೆಸರಿನಲ್ಲೇ 16,667 ರೂಪಾಯಿ ಸುಸ್ತಿ ಇತ್ತು. ಅವನು ಕೇಳಿದ್ದು 4,07,200 ರೂಪಾಯಿ. ಅವನಿಗೆ ಕೆಲಸ ಗೊತ್ತಾಗಿತ್ತು. ಹಣ ಬಿಡುಗಡೆ ಮಾಡಿ ಎಂದು ನ್ಯಾಯಾಲಯ ಹೇಳಿತು. ಕೇರಳದ ತೀರ್ಪು ದಿಲ್ಲಿಯ ಶಾಖೆಯನ್ನು ಕಟ್ಟಿಹಾಕುವುದಿಲ್ಲ ಎಂದು ನಿಮ್ಮ ಲಾ ಆಫೀಸರು ಹೇಳುತ್ತಾರೆ, ಸರಿ. 2025ರ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ ಲೋಕಸಭೆಗೆ ಕೊಟ್ಟ ಉತ್ತರ ಮಾತ್ರ ದೇಶಕ್ಕೆಲ್ಲ ಒಂದೇ: ಸಾಲಕ್ಕೆ ಕನಿಷ್ಠ ಸ್ಕೋರು ಇಷ್ಟೇ ಇರಬೇಕೆಂದು ರಿಸರ್ವ್ ಬ್ಯಾಂಕ್ ಗೊತ್ತುಮಾಡಿಲ್ಲ, ಮೊದಲ ಬಾರಿ ಸಾಲ ಕೇಳುವವರನ್ನು ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು. ಅಮೆರಿಕದಲ್ಲಿ ಕೂಡ ಪದವಿ ವಿದ್ಯಾರ್ಥಿಗೆ ಸರ್ಕಾರ ಕೊಡುವ ಸಾಲಕ್ಕೆ ಸ್ಕೋರು ಕೇಳುವುದಿಲ್ಲ. ಅಲ್ಲಿ ಸ್ಕೋರು ಕೆಡುವುದು ಸಾಲ ಕಟ್ಟದಿದ್ದಾಗ. 2025ರ ಮೊದಲ ಮೂರು ತಿಂಗಳಲ್ಲೇ 22 ಲಕ್ಷಕ್ಕೂ ಹೆಚ್ಚು ಮಂದಿಯ ಸ್ಕೋರು ನೂರಕ್ಕೂ ಹೆಚ್ಚು ಅಂಕ ಕುಸಿಯಿತೆಂದು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಲೆಕ್ಕ ಹಾಕಿತು. ಅವರ ಕಷ್ಟ ಅವರಿಗೆ. ಆದರೆ ಅಲ್ಲಿ ಓದುವುದಕ್ಕೆ ಮೊದಲೇ ಬಾಗಿಲು ಮುಚ್ಚುವುದಿಲ್ಲ.

ಆ ಹುಡುಗಿಯ ವಿಷಯ ಏನಾಯಿತೆಂದು ನೀವು ಕೇಳುತ್ತೀರಿ. ಮೊದಲ ಸೆಮಿಸ್ಟರಿನ ಫೀಸನ್ನು ತಾಯಿಯ ಬೋರಮಾಳ ಒತ್ತೆಯಿಟ್ಟು ಕಟ್ಟಿದರು. ಆಮೇಲೆ ಬೇರೊಂದು ಬ್ಯಾಂಕಿನ ಶಾಖೆಗೆ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿಸಿದೆ. ಅಲ್ಲಿದ್ದ ಅಧಿಕಾರಿ ಕುಂದಾಪುರದ ಕಡೆಯ ಹೆಣ್ಣುಮಗಳು, ವಯಸ್ಸು ಮೂವತ್ತರ ಆಸುಪಾಸು. ವರದಿ ಪೂರ್ತಿ ತಿರುವಿದಳು. ಡಿಪಿಡಿ ಚೌಕಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಶಾಲೆ ಮುಚ್ಚಿದ ತಿಂಗಳು, ತೆರೆದ ತಿಂಗಳು ಬರೆದಳು. ತಂದೆಗೆ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದಳು. ಆಮೇಲೆ ಅರ್ಧ ಪುಟದ ಡೀವಿಯೇಶನ್ ನೋಟ್ ಬರೆದು ಮೇಲಿನ ಕಚೇರಿಗೆ ಕಳಿಸಿದಳು. ನಲವತ್ತೊಂದು ದಿನಕ್ಕೆ 3,60,000 ರೂಪಾಯಿ ಮಂಜೂರಾಯಿತು. ಅವಳೇನೂ ನಿಯಮ ಮುರಿಯಲಿಲ್ಲ, ನಿಯಮದಲ್ಲಿ ಇದ್ದ ಜಾಗವನ್ನು ಬಳಸಿಕೊಂಡಳು. ಆ ಜಾಗ ನಿಮ್ಮ ಬ್ಯಾಂಕಿನ ಪಾಲಿಸಿಯಲ್ಲೂ ಇರುತ್ತದೆ, ಹುಡುಕಿ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಕೌಂಟರಿನಲ್ಲಿ ಸ್ಕೋರು ಹೊಡೆದು ನೋಡಿ ಬಾಯಿಮಾತಿನಲ್ಲಿ ವಾಪಸು ಕಳಿಸಬೇಡಿ. ಅರ್ಜಿ ತೆಗೆದುಕೊಳ್ಳಿ. ತಿರಸ್ಕರಿಸುವುದಿದ್ದರೆ ಮಾದರಿ ಯೋಜನೆಯಲ್ಲೇ ಹೇಳಿರುವಂತೆ ಮೇಲಿನ ಅಧಿಕಾರಿಯ ಒಪ್ಪಿಗೆ ಪಡೆದು, ಕಾರಣವನ್ನು ಬರೆದು ಕೊಡಿ. ಕಾರಣ ಕಾಗದದ ಮೇಲೆ ಇದ್ದರೆ ಆ ಮನೆಯವರು ಮುಂದಿನ ಬಾಗಿಲು ತಟ್ಟಬಹುದು. 'ಸೆಟಲ್ಡ್' ಎಂದಿದ್ದರೆ ಉಳಿದದ್ದನ್ನು ಕಟ್ಟಿ 'ಕ್ಲೋಸ್ಡ್' ಮಾಡಿಸಿಕೊಳ್ಳುವ ದಾರಿ ಹೇಳಿಕೊಡಿ. ಎಲ್ಲ ಬ್ಯೂರೋಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕೆಂದೂ, ತಪ್ಪು ಅಂಕಿಯ ದೂರು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕೆಂದೂ ತಿಳಿಸಿ. ಈ ಎರಡನ್ನೂ ನಿಮ್ಮ ಶಾಖೆಯ ನೋಟೀಸ್ ಬೋರ್ಡಿಗೆ ಕನ್ನಡದಲ್ಲಿ ಬರೆದು ಅಂಟಿಸಿದರೆ ಯಾರ ಅನುಮತಿಯೂ ಬೇಕಾಗುವುದಿಲ್ಲ.

ಜೂನ್ ಬಂದರೆ ಮತ್ತೆ ಅರ್ಜಿಗಳು ಬರುತ್ತವೆ. ತಂದೆ ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ, ಮಗಳು ಕಡತ ಎದೆಗವಚಿಕೊಂಡು ಹಿಂದೆ ನಿಂತಿರುತ್ತಾಳೆ. ಇಬ್ಬರನ್ನೂ ಕೂರಿಸಿ. ಮೂರನೇ ಪುಟ ತೆರೆಯಿರಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ
ಸುಖದೇವ್ ವಿಹಾರ, ಓಖ್ಲಾ, ಹೊಸದಿಲ್ಲಿ